ಗುಲ್ಮಾರ್ಗದ ಹಿಮಕ್ಕೆ ಫೈವ್ ಸ್ಟಾರ್ ಕೊಡುವವರಿಗೊಂದು ಬಹಿರಂಗ ಪತ್ರ

ಸ್ಕೀ ಹೊತ್ತು ಕಾಶ್ಮೀರಕ್ಕೆ ಹೊರಟಿರುವ ಯಲಹಂಕ, ಹೆಬ್ಬಾಳ, ಸಹಕಾರನಗರದ ಸಾಹಸಿಗಳಿಗೆ,



ತಮ್ಮ ತಯಾರಿ ಕಂಡು ಬಡಾವಣೆಗೆ ಬಡಾವಣೆಯೇ ಬೆರಗಾಗಿದೆ. ಜಾಕೆಟ್ಟು ಬಂತು, ಹೆಲ್ಮೆಟ್ಟು ಬಂತು, ಹೆಲ್ಮೆಟ್ಟಿನ ಮೇಲೊಂದು ಕ್ಯಾಮೆರಾವೂ ಕೂತಿತು. ಗುಲ್ಮಾರ್ಗದ ಅಫರ್ವತ್ ಬೆಟ್ಟದಲ್ಲಿ ಗೊಂಡೋಲಾ ಎಂಬ ಕೇಬಲ್ ಕಾರು ಇಳಿದು, ಕಾವಲಿರುವ ಹಾದಿ ಬಿಟ್ಟು, ಯಾರೂ ತುಳಿಯದ ಹಿಮದಲ್ಲಿ ಜಾರುವುದು ತಮ್ಮ ಸಂಕಲ್ಪ. ಸುರಕ್ಷತೆಗೆ ಪುರಾವೆ, ನಿನ್ನೆ ಅಲ್ಲೇ ಯಾರೋ ಜಾರಿದ ರೀಲ್ಸ್. ದಿನವೂ ಹೆಬ್ಬಾಳ ಫ್ಲೈಓವರ್ ದಾಟಿ ಆಫೀಸು ಮುಟ್ಟುವವರಿಗೆ ಇನ್ಯಾವ ಪರೀಕ್ಷೆ ಬೇಕು!

ಆದರೆ ಹಿಮಕ್ಕೆ ಕೆಲವು ಕೆಟ್ಟ ಚಾಳಿಗಳಿವೆ. ಅದು ಚಳಿಗಾಲವಿಡೀ ಪದರ ಪದರವಾಗಿ ಕೂರುತ್ತದೆ. ನೆಲದ ಹತ್ತಿರ ತುಸು ಬೆಚ್ಚಗಿದ್ದು ಮೇಲೆ ಕೊರೆಯುವ ಚಳಿಯಿದ್ದರೆ, ಒಳಗಿನ ಹಿಮ ಒಂದಕ್ಕೊಂದು ಅಂಟದ ಹರಳಾಗುತ್ತದೆ. ಅದರ ಮೇಲೆ ಗಾಳಿ ತಂದ ಗಟ್ಟಿ ಹಿಮ ಹಾಸಿಕೊಂಡಾಗ ನೋಟವೇನೋ ಚೆಂದ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ತಮಗೆ ಅತಿ ಇಷ್ಟವಾದ ಇಳಿಜಾರಿನಲ್ಲೇ, ಒಬ್ಬರ ಭಾರಕ್ಕೆ ಇಡೀ ಹಾಸು ಕಿತ್ತು ಹೊರಡಬಹುದು. ಹಿಮಕುಸಿತದಲ್ಲಿ ಸತ್ತ ಸ್ಕೀಯರ್‌ಗಳ ಪೈಕಿ ಹೆಚ್ಚಿನವರ ವಿಷಯದಲ್ಲಿ ಅದನ್ನು ಎಬ್ಬಿಸಿದ್ದು ಅವರೇ, ಇಲ್ಲವೇ ಜೊತೆಗಾರರೇ.

ಯಶವಂತಪುರ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಕೊಳ್ಳುವವರು ಮೇಲಿನ ಸಾಲು ನೋಡಿ ದುಡ್ಡು ಎಣಿಸುವುದಿಲ್ಲ, ಅಡಿಯದನ್ನು ತೆಗೆಸಿ ನೋಡುತ್ತಾರೆ. ಬಲ್ಲವರು ಬೆಟ್ಟದಲ್ಲೂ ಅದನ್ನೇ ಮಾಡುತ್ತಾರೆ. ಗುಂಡಿ ತೋಡಿ, ಹಿಮದ ಕಂಬವೊಂದನ್ನು ಬಿಡಿಸಿ, ಮೇಲೆ ಸಲಿಕೆಯಿಟ್ಟು ತಟ್ಟುತ್ತಾರೆ: ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10. ಕಂಬದ ಮೇಲಿನ ಪದರ ಬೇಗ ಜಾರಿದರೆ ವಾಪಸು. ಜಾರದಿದ್ದರೆ ಅದೇ ಅಪ್ಪಣೆಯೆಂದು ಹಿಗ್ಗಬೇಡಿ. ಹತ್ತು ಮಾರು ಆಚೆ ಪದರ ಬೇರೆ ಇದ್ದೀತು. ಕಾಲಡಿ ‘ಧಪ್’ ಎಂದರೆ, ಸ್ಕೀ ಮುಂದೆ ಬಿರುಕು ಓಡಿದರೆ, ಗುಂಡಿ ತೋಡುವ ಶ್ರಮವೂ ಬೇಡ. ಹಿಮವೇ ತೀರ್ಪು ಕೊಟ್ಟಿದೆ.

ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಹಿನ್ನೆಲೆ ಸಂಗೀತವಿಲ್ಲ, ಹಾಗಾಗಿ ತಮ್ಮ ಕಣ್ಣಿಗೆ ಬಿದ್ದಿರಲಾರದು. 2023ರ ಫೆಬ್ರುವರಿ 1ರಂದು ಇದೇ ಅಫರ್ವತ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. ಅವರು ಹಿಮ ಬೀಳುವ ದೇಶದಿಂದ ಬಂದವರು.

ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ತಾವು ಮರೆತಿರಲಾರಿರಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರ ಮೇಲೆ ಹಿಮ ಕುಸಿಯಿತು. ಆರು ದಿನದ ಮೇಲೆ ಜೀವಂತ ಸಿಕ್ಕವರು ಅವರೊಬ್ಬರೇ. 11ರಂದು ದೆಹಲಿಯಲ್ಲಿ ಅವರೂ ತೀರಿಕೊಂಡರು. ಅವರನ್ನು ಅಲ್ಲಿ ನಿಲ್ಲಿಸಿದ್ದು ಕರ್ತವ್ಯ. ತಮ್ಮನ್ನು ಕಳಿಸುತ್ತಿರುವುದು ವಾರದ ರಜೆ.

ಹಿಮದಡಿ ಹೂತವರಲ್ಲಿ ಬಹುತೇಕರಿಗೆ ಇರುವ ಅವಕಾಶ ಕಾಲು ಗಂಟೆಯದು. ಅಷ್ಟರೊಳಗೆ ಹುಡುಕಬಲ್ಲವರು ಪಕ್ಕದಲ್ಲಿರುವ ಜೊತೆಗಾರರು ಮಾತ್ರ. ಆದ್ದರಿಂದ ವಿನಂತಿ ಇಷ್ಟೇ: ಕ್ಯಾಮೆರಾ ಮನೆಯಲ್ಲಿ ಬಿಟ್ಟರೂ ನಡೆದೀತು, ಹೂತವರ ಜಾಗ ತೋರುವ ಟ್ರಾನ್ಸೀವರ್, ಚುಚ್ಚಿ ನೋಡುವ ಕೋಲು, ಸಲಿಕೆ ಮಾತ್ರ ಪ್ರತಿಯೊಬ್ಬರ ಬಳಿಯೂ ಇರಲಿ. ಅವನ್ನು ಬಳಸಲು ಇನ್ನೂ ಕಲಿತಿಲ್ಲವೆಂದರೆ ಕಾವಲಿರುವ ಹಾದಿಯಲ್ಲೇ ಜಾರಿ, ಊರಿಗೆ ಬನ್ನಿ.

ಇಂತಿ,
ಆರ್.ಟಿ. ನಗರದ ಹಿತೈಷಿ