‘ರೇಟು ಬಿಟ್ಟು ಬೇರೆ ಕೇಳು ಮಾರಾಯ’

ಕೊಪ್ಪದ ಹತ್ತಿರ ಅಡಿಕೆ ತೋಟದ ಮನೆಯೊಂದರ ದೇವರಕೋಣೆಯಲ್ಲಿ, ತಾಮ್ರದ ಗಿಂಡಿಯೊಳಗೆ, ಮೈಸೂರು ಸಂಸ್ಥಾನದ ಇಪ್ಪತ್ತು ಕಾಸಿನ ನಾಣ್ಯವೊಂದರ ವಾಸ. ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ: ಹುಣಸೆಹಣ್ಣು ತರಬಾರದು.

ಪ್ರಶ್ನೆ: ಅಜ್ಜಯ್ಯ, ಮೊದಲಿಗೆ ನಿಮ್ಮ ರೇಟು...

ಕಾಸು: ಶುರು ಮಾಡಿದೆ ನೋಡು! ಯಾವೂರು, ಕಾಫಿ ಆಯ್ತಾ ಅಂತ ಕೇಳುವ ಪದ್ಧತಿಯೇ ಮಲೆನಾಡಿನಿಂದ ಹೋಯ್ತಾ?

ಪ್ರಶ್ನೆ: ತಪ್ಪಾಯ್ತು. ನಿಮ್ಮ ಪರಿಚಯ?

ಕಾಸು: ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವನು. ಒಂದು ಮುಖದಲ್ಲಿ ಆನೆ, ಅದರ ಮೇಲೆ ಸೂರ್ಯ ಚಂದ್ರ. ಇನ್ನೊಂದರಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷಿನಲ್ಲಿ ‘ಕ್ಯಾಶ್’. ಭಾಷಾನೀತಿ ಅಂತ ನೀವು ವರ್ಷಗಟ್ಟಲೆ ಗುದ್ದಾಡ್ತೀರಿ, ನಾವು ಅಂಗೈ ನಡುವಿನಷ್ಟು ಜಾಗದಲ್ಲಿ ಮುಗಿಸಿದ್ದೆವು. 1831ರಲ್ಲಿ ನಮ್ಮ ಮಲೆನಾಡಿನ ನಗರ ಸೀಮೆಯ ದಂಗೆಯ ನೆಪ ಹೇಳಿ ಇಂಗ್ಲಿಷರು ಅರಸರ ಕೈಯಿಂದ ಆಡಳಿತ ತೆಗೆದುಕೊಂಡರು. ಎರಡೇ ವರ್ಷಕ್ಕೆ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಹೋಯ್ತು, 1843ಕ್ಕೆ ಬಾಗಿಲು ಹಾಕಿತು. ಬೆಂಗಳೂರಿಗೆ ಹೋದವರೆಲ್ಲ ಉದ್ಧಾರ ಆಗ್ತಾರೆ ಅನ್ನುವುದು ಆಗಲೂ ಸುಳ್ಳೇ.

ಪ್ರಶ್ನೆ: ನರಸಿಂಹರಾಜಪುರದ ಕಡೆ ಓಡಾಡಿದ್ದುಂಟಾ?

ಕಾಸು: ನಾನು ಓಡಾಡುವಾಗ ಅದು ಎಡೇಹಳ್ಳಿ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ಮೇಲೆ ಹೊಸ ಹೆಸರಾಯ್ತು. ಅದನ್ನೂ ನೀವು ಎನ್.ಆರ್.ಪುರ ಅಂತ ಸವೆಸಿಬಿಟ್ಟಿರಿ. ಊರಿನ ಹೆಸರು ಸವೆದರೆ ಯಾರಿಗೂ ಚಿಂತೆಯಿಲ್ಲ, ನಾಣ್ಯ ಸವೆದರೆ ಮಾತ್ರ ‘ಕಂಡೀಷನ್ ಸರಿಯಿಲ್ಲ’.

ಪ್ರಶ್ನೆ: ಟಿಪ್ಪುವಿನ ನಾಣ್ಯಗಳೂ ನಿಮ್ಮ ನೆಂಟರಂತೆ?

ಕಾಸು: ಆನೆ ಅವರ ಕಡೆಯಿಂದಲೇ ಬಂದದ್ದು. ದೊಡ್ಡಪ್ಪಂದಿರಲ್ಲಿ ಕೆಲವರು ಇಲ್ಲೇ ನಗರದ ಟಂಕಸಾಲೆಯವರು. ಗತ್ತೋ ಗತ್ತು! ಪೈಸೆಗೆ ಜೊಹ್ರಾ, ಅಂದರೆ ಶುಕ್ರಗ್ರಹ. ಅರ್ಧಕ್ಕೆ ಬಹ್ರಾಮ್, ಮಂಗಳ. ಟಿಪ್ಪು ತಂದ ಮೌಲೂದಿ ಲೆಕ್ಕದ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು. ತಿಳಿಯದವರು ಎಡದಿಂದ ಓದಿ ಐದು ಸಾವಿರ ವರ್ಷ ಹಳತು ಅಂತ ಕುಣಿಯುತ್ತಾರೆ. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿ ಮಠ ಲೂಟಿ ಮಾಡಿದಾಗ, 200 ರಾಹತಿ ನಗದು ಕೊಡಿಸುವಂತೆ ಟಿಪ್ಪು ನಗರದ ಅಧಿಕಾರಿಗೇ ಬರೆದದ್ದು. ರಾಹತಿ ಅಂದರೆ ಚಿನ್ನದ ಹಣ. ಆ ಪತ್ರಗಳು 1916ರಲ್ಲಿ ಮಠದಲ್ಲೇ ಸಿಕ್ಕವು. ಚಿನ್ನದವರು ಕರಗಿ ಯಾರದೋ ಮೂಗುತಿ ಆಗಿರಬೇಕು. ಕರಗಿಸಿದರೆ ಲಾಭವಿಲ್ಲ ಅಂತ ನಮ್ಮನ್ನು ಬಿಟ್ಟರು.

ಪ್ರಶ್ನೆ: ಪಕ್ಕದಲ್ಲಿ ಹೊಳೆಯುತ್ತಿರುವವರು ಯಾರು? ಹನುಮಂತ, ಈಸ್ಟ್ ಇಂಡಿಯಾ ಕಂಪನಿ, 1818...

ಕಾಸು: ಮೊನ್ನೆ ಯಾರೋ ಜಾತ್ರೆಯಲ್ಲಿ ಸಾವಿರಾರು ಕೊಟ್ಟು ತಂದರು. ಕಂಪನಿ ಹನುಮಂತನ ಅರ್ಧಾಣೆ ಹೊಡೆಸಿದ್ದೇ ಇಲ್ಲ. ಅಕ್ಕಿ ಎಳೀತಾನಂತೆ! ತಾಮ್ರಕ್ಕೆ ಅಯಸ್ಕಾಂತವೇ ಅಂಟುವುದಿಲ್ಲ, ಅಕ್ಕಿ ಎಲ್ಲಿಂದ ಅಂಟೀತು? ಆದರೂ ಅವನಿಗೆ ದಿನಾ ಕುಂಕುಮ, ನನಗೆ ಕಿಲುಬು.

ಪ್ರಶ್ನೆ: ಹೊಳಪು ಬರಿಸೋಣ ಅಂತ ಉಜ್ಜುತ್ತಾರಲ್ಲ, ಪ್ರೀತಿಯಿಂದಲೇ ಅಲ್ಲವೇ?

ಕಾಸು: ಈ ಮನೆಯ ಸೊಸೆ ಹಬ್ಬಕ್ಕೆ ಚೊಂಬಿನ ಜೊತೆ ನನ್ನನ್ನೂ ಹುಣಸೆಹಣ್ಣು ಹಾಕಿ ಉಜ್ಜಿದಳು. ಆನೆಯ ಸೊಂಡಿಲು ಅರ್ಧ ಹೋಯ್ತು. ಅಷ್ಟು ವರ್ಷದ ಕಪ್ಪು ಬಣ್ಣವೇ ನನ್ನ ಜಾತಕ. ಅದು ಹೋದರೆ ಬಲ್ಲ ಸಂಗ್ರಾಹಕರು ತಿರುಗಿ ನೋಡುವುದಿಲ್ಲ.

ಪ್ರಶ್ನೆ: ಹಳೆ ನಾಣ್ಯಕ್ಕೆ ಹತ್ತು ಲಕ್ಷ ಕೊಡ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂತ ಫೋನು ಬರುತ್ತದಲ್ಲ?

ಕಾಸು: ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ: ತಾನು ಇಂಥ ವ್ಯವಹಾರ ಮಾಡುವುದೂ ಇಲ್ಲ, ಶುಲ್ಕ ಕೇಳುವುದೂ ಇಲ್ಲ ಅಂತ. ಕಟ್ಟಿದವನ ದುಡ್ಡು ಹೋಗುತ್ತದೆ, ನಾನು ಗಿಂಡಿಯಲ್ಲೇ ಇರುತ್ತೇನೆ.

ಪ್ರಶ್ನೆ: ಕೊನೆಗಾದರೂ ರೇಟು ಹೇಳಿಬಿಡಿ ಅಜ್ಜಯ್ಯ.

ಕಾಸು: ಸೊಂಡಿಲು ಇದ್ದಾಗ ಕೆಲವು ನೂರು ರೂಪಾಯಿ. ಈಗ ನಿನ್ನ ಬಸ್ ಚಾರ್ಜು ಹುಟ್ಟಿದರೆ ಪುಣ್ಯ. ಒಂದು ಉಪಕಾರ ಮಾಡು: ಯಾರ ಮನೆಯಲ್ಲಿ, ಯಾವ ಊರಲ್ಲಿ ಸಿಕ್ಕಿದವನು ಅಂತ ಚೀಟಿ ಬರೆದು ಜೊತೆಗಿಡು. ಮಳೆಗಾಲಕ್ಕೆ ಮುಂಚೆ ಈ ಗಿಂಡಿಯಿಂದ ತೆಗೆದು ಒಣಗಿದ ಕಾಗದದ ಪೊಟ್ಟಣಕ್ಕೆ ಹಾಕು.