ಕೈತೋಟಕ್ಕೆ ಮಂಗಳ ಹಾಡಿ

ವಾರಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಕೈತೋಟದ ಅಂಕಣಕ್ಕೆ ಮಂಗಳ ಹಾಡಿ, ಮತ್ತೆ ಸಂಗೀತದ ಬಗ್ಗೆ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಸಂಪಾದಕರು ಮರುಮಾತಿಲ್ಲದೆ ಒಪ್ಪಿದರು. ಬಾಯಿಮಾತಿಗಾದರೂ ‘ಛೆ, ಹಾಗನ್ನಬೇಡಿ ಸಾರ್’ ಅನ್ನಬಹುದಿತ್ತು. ಹೆಂಡತಿಯಂತೂ ಸಂತೋಷ ತಡೆಯಲಾರದೆ ಅಂದು ಸಂಜೆ ಕೇಸರಿಬಾತ್ ಮಾಡಿದಳು.

ಅವಳ ಸಂತೋಷಕ್ಕೆ ಕಾರಣವಿಲ್ಲದೆ ಇಲ್ಲ. ‘ಈ ವಾರ ಬದನೆ ಸಸಿಗಳನ್ನು ಕುಂಡಕ್ಕೆ ನಾಟಿ ಮಾಡಿದೆ’ ಎಂದು ನಾನು ಬರೆದಾಗಲೆಲ್ಲ ಮಣ್ಣಾಗಿರುತ್ತಿದ್ದದ್ದು ಅವಳ ಕೈ. ನಾನು ತಾರಸಿಯ ನೆರಳಲ್ಲಿ ಕುರ್ಚಿ ಹಾಕಿಕೊಂಡು, ‘ಬೇವಿನ ಹಿಂಡಿ ಎಷ್ಟು ಹಿಡಿ ಹಾಕಿದೆ?’ ಎಂದು ಕೇಳಿ ಬರೆದುಕೊಳ್ಳುವವನು. ಒಮ್ಮೆ ಓದುಗರೊಬ್ಬರು ವಿಳಾಸ ಹುಡುಕಿಕೊಂಡು ಮನೆಗೇ ಬಂದು, ದಾಸವಾಳಕ್ಕೆ ಹಿಟ್ಟುತಿಗಣೆ ಹತ್ತಿದೆ, ಏನು ಮಾಡಲಿ ಎಂದರು. ನಾನು ಕನ್ನಡಕ ಒರೆಸಿಕೊಂಡು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಉತ್ತರ ಬಂತು: ‘ಬೇವಿನೆಣ್ಣೆಗೆ ಚೂರು ಸೋಪಿನ ನೀರು ಬೆರೆಸಿ ಎಲೆ ಕೆಳಗಡೆ ಹೊಡೀರಿ. ಸಂಜೆ ಹೊತ್ತು, ಬಿಸಿಲಲ್ಲಿ ಬೇಡ.’ ಹೋಗುವಾಗ ಅವರು ಕೈಮುಗಿದದ್ದು ಅಡುಗೆಮನೆಯ ಕಡೆಗೆ.

ಸಂಗೀತದಲ್ಲಿ ಈ ಪರಾಧೀನತೆ ಇರುವುದಿಲ್ಲವಲ್ಲ ಎಂದುಕೊಂಡು ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದೆ. ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’, ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಸಿಕ್ಕಿದವು. ಹಾಡುವವರೇ ಇಷ್ಟು ಚೆನ್ನಾಗಿ ಹೇಳಿಟ್ಟ ಮೇಲೆ, ಹಾಡಲು ಬಾರದವನ ಪಾಲಿಗೆ ಉಳಿಯುವುದೇನು? ವಿಮರ್ಶೆ. ಅದಕ್ಕೆ ಬೇಕಾದ ಸಾಮಾನು ನನ್ನ ಹಳೆಯ ಕಡತದಲ್ಲೇ ಇತ್ತು. ‘ಶ್ರೋತೃಗಳ ಮನಸೂರೆಗೊಂಡಿತು’, ‘ಪಕ್ಕವಾದ್ಯಗಳ ಹಿತಮಿತವಾದ ಸಹಕಾರ’, ‘ಆಲಾಪನೆಯನ್ನು ಇನ್ನಷ್ಟು ವಿಸ್ತರಿಸಬಹುದಿತ್ತು’. ರಾಗ ಯಾವುದೆಂದು ತಿಳಿಯದಿದ್ದಾಗ ಈ ಕೊನೆಯದು ಕೈಬಿಡುವುದಿಲ್ಲ. ತನಿ ಆವರ್ತನದ ಹೊತ್ತಿಗೆ ನಾನು ಕ್ಯಾಂಟೀನಿನಲ್ಲಿ ಇರುತ್ತಿದ್ದೆನಾದ್ದರಿಂದ ಮೃದಂಗದವರ ಮೇಲೆ ಒಂದು ಕೆಟ್ಟ ಮಾತು ಬರೆದವನಲ್ಲ.

ತೊಡಕು ಬಂದದ್ದು ಅತ್ತೆಯವರಿಂದ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳನ್ನು ಜಮಖಾನೆಯ ಮೇಲೆ ಕೂತು ಕೇಳಿ ಬೆಳೆದವರು. ಅದನ್ನು ನಡೆಸುವ ಶ್ರೀ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ; ‘ಮಂಡಳಿಗೂ ನನಗೂ ವಯಸ್ಸಲ್ಲಿ ಅಂಥ ವ್ಯತ್ಯಾಸ ಇಲ್ಲ’ ಎಂಬುದು ಅವರ ಹೆಮ್ಮೆ. ಮೊನ್ನೆ ರೇಡಿಯೋದಲ್ಲಿ ನಾಗಸ್ವರ ಬರುತ್ತಿತ್ತು. ನಾನು ಕಣ್ಣುಮುಚ್ಚಿ, ತಲೆದೂಗಿ, ‘ಆಹಾ, ದೇವಗಾಂಧಾರಿ’ ಎಂದೆ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ, ತಲೆಯೆತ್ತದೆ, ‘ಆರಭಿ’ ಎಂದರು.

ನಾನು ಬಿಡುವವನೇ? ಪುಸ್ತಕ ತಂದೆ. ಎರಡೂ 29ನೇ ಮೇಳ ಶಂಕರಾಭರಣದ ಮಕ್ಕಳು. ಆರೋಹಣ ಅವರೋಹಣವೂ ಒಂದೇ. ಹಾಗಾದರೆ ನಾನು ಹೇಳಿದ್ದರಲ್ಲಿ ತಪ್ಪೇನು ಎಂದು ವಾದಕ್ಕಿಳಿದೆ.

‘ಸ್ವರ ಒಂದೇ, ನಡಿಗೆ ಬೇರೆ ಅಲ್ಲವೇ ಅಳಿಯಂದಿರೇ? ಆರಭಿ ಬಸ್ಸಿಗೆ ಹೊತ್ತಾಯ್ತು ಅಂತ ಬಿರಬಿರನೆ ಹೊರಟವಳು. ದೇವಗಾಂಧಾರಿ ಹಬ್ಬದೂಟ ಮುಗಿಸಿದವಳು. ರಿಷಭ ಸಿಕ್ಕಿದರೆ ಕೂತು ಸುಧಾರಿಸಿಕೊಂಡೇ ಏಳೋದು’ ಎಂದವರೇ, ಹುರುಳಿಕಾಯಿಯಲ್ಲೇ ತಾಳ ಹಾಕುತ್ತಾ ಎರಡನ್ನೂ ಹಾಡಿ ತೋರಿಸಿದರು. ಕೇಳಿದ ಮೇಲೆ ಗೊಂದಲಕ್ಕೆ ಜಾಗವೇ ಇರಲಿಲ್ಲ. ರೇಡಿಯೋದವರೂ ಅತ್ತೆಯ ಪಕ್ಷ ವಹಿಸಿದರು.

ಪಿಟೀಲು ಚೌಡಯ್ಯನವರ ಬಗ್ಗೆ ಬರೆದರೆ ಕ್ಷೇಮ ಎಂದುಕೊಂಡೆ. ಮೈಕು ಬಳಕೆಗೆ ಬರುವ ಮುಂಚಿನ ಕಾಲದಲ್ಲಿ, ಹಿಂದಿನ ಸಾಲಿನವರಿಗೂ ಕೇಳಲಿ ಎಂದು ಏಳು ತಂತಿಯ ಪಿಟೀಲು ಮಾಡಿಕೊಂಡವರು ಅವರು. ಇದನ್ನು ಹೆಂಡತಿಗೆ ಓದಿ ಹೇಳಿದೆ. ‘ನಿಮ್ಮ ಸಂಗೀತ ಜ್ಞಾನಕ್ಕೆ ನಾಲ್ಕು ತಂತಿಯೇ ಜಾಸ್ತಿ ಕಣ್ರೀ, ಅಮ್ಮನಿಗೆ ಹಿತ್ತಲಿಗೂ ಕೇಳುತ್ತೆ’ ಎಂದಳು.

ಈಗ ಮನೆಯಲ್ಲಿ ಒಪ್ಪಂದವಾಗಿದೆ. ಕಚೇರಿಗೆ ಅತ್ತೆಯೂ ನನ್ನ ಜೊತೆ ಬರುತ್ತಾರೆ, ಆಟೋ ಖರ್ಚು ನನ್ನದು. ತನಿ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ. ಬರೆದದ್ದು ಅವರು ನೋಡಿದ ಮೇಲೆಯೇ ಅಚ್ಚಿಗೆ. ಆದ್ದರಿಂದ ಓದುಗರಲ್ಲಿ ವಿನಂತಿ: ರಾಗ, ತಾಳಗಳ ಬಗ್ಗೆ ತಕರಾರಿದ್ದರೆ ಅತ್ತೆಯವರ ಹೆಸರಿಗೆ ಬರೆಯಿರಿ, ಗಿಡಗಳ ವಿಚಾರವಾದರೆ ನನ್ನ ಹೆಂಡತಿಗೆ. ಮೆಚ್ಚುಗೆಯ ಪತ್ರಗಳನ್ನು ಮಾತ್ರ ದಯವಿಟ್ಟು ನನಗೇ ಕಳಿಸಿ.