ಟ್ಯಾಗಿನಲ್ಲಿ ನೇತಾಡುವವರೊಡನೆ ಮಾತುಕತೆ

ನಾಲ್ಕು ಹುಡುಗರು ದುಡಿಯುವ ಹಾರ್ಡ್‌ವೇರ್ ಅಂಗಡಿ. ಭಾನುವಾರ ಯಜಮಾನರು ಮನೆಯಲ್ಲೇ ಪ್ರಿಂಟ್ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಐಡಿ ಕಾರ್ಡೊಂದು ಮಾತಿಗೆ ಸಿಕ್ಕಿತು.

ತಮ್ಮ ಜನನ ಹೇಗಾಯಿತು?

ಬಹಳ ಅಚ್ಚುಕಟ್ಟಾಗಿ. ಎಟಿಎಂ ಕಾರ್ಡಿನದೇ ಅಳತೆ, 85.6 ಮಿ.ಮೀ.ಗೆ 54 ಮಿ.ಮೀ. ಅಕ್ಷರದ ಬಣ್ಣ ಆರಿಸುವಷ್ಟರಲ್ಲಿ ಯಜಮಾನರ ಊಟ ಆರಿಹೋಯಿತು. ರಕ್ತದ ಗುಂಪಿನ ಜಾಗದಲ್ಲಿ ಟೆಂಪ್ಲೇಟಿನಲ್ಲಿದ್ದ ಬಿ ಪಾಸಿಟಿವ್ ಹಾಗೇ ಉಳಿದುಕೊಂಡಿತು. ಈಗ ನಾಲ್ವರದೂ ಅದೇ ರಕ್ತ. ಸಿಮೆಂಟ್ ಮೂಟೆ ಹೊರುವವನ ಹೆಸರಿನ ಕೆಳಗೂ ‘ಸೇಲ್ಸ್ ಎಕ್ಸಿಕ್ಯುಟಿವ್’. ಹಿಂಬದಿಯಲ್ಲಿ ‘ಕಳೆದರೆ 100 ರೂ. ದಂಡ’. ಇಲ್ಲದಿರುವುದು ಮೂರೇ: ಸೇರಿದ ದಿನಾಂಕ, ಸಹಿ, ಸೀಲು.

ಗಿರಾಕಿಗೆ ನಂಬಿಕೆ ಬರಲೆಂದು ತಮ್ಮನ್ನು ಮಾಡಿದ್ದು. ಅದಕ್ಕೆ ದಿನಾಂಕ ಯಾಕೆ ಬೇಕು?

ಒಂದು ಮನೆಯಲ್ಲಿ ಹುಟ್ಟಬಲ್ಲ ನಾನು ಯಾವ ಮನೆಯಲ್ಲಾದರೂ ಹುಟ್ಟಬಲ್ಲೆ, ಕಳ್ಳನ ಮನೆಯಲ್ಲೂ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ನೋಡುವುದು ಟ್ಯಾಗನ್ನು, ನನ್ನ ಮೇಲಿನ ಬರಹವನ್ನಲ್ಲ. ಹಾಗಾಗಿ ಗಿರಾಕಿಗೆ ನಾನು ಕೊಡುವ ಭರವಸೆ ಅಷ್ಟಕ್ಕಷ್ಟೇ. ನಾನು ನಿಜವಾಗಿ ಕೆಲಸಕ್ಕೆ ಬರುವುದು ಹುಡುಗನಿಗೆ, ನಾಳೆ ಕೆಲಸದಿಂದ ತೆಗೆದರೆ ಇಲ್ಲಿ ದುಡಿದಿದ್ದೆ ಎಂದು ತೋರಿಸಲು. 2002ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ಕೆಲಸಗಾರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿಯೇ ಹೇಳಿತು: ವರ್ಷಕ್ಕೆ 240 ದಿನ ದುಡಿದೆ ಎನ್ನುವವನೇ ಅದನ್ನು ರುಜುವಾತು ಮಾಡಬೇಕು, ತಾನೇ ಬರೆದುಕೊಟ್ಟ ಅಫಿಡವಿಟ್ಟು ಸಾಲದು, ಸಂಬಳದ ರಸೀದಿಯೋ ನೇಮಕಾತಿ ಆದೇಶವೋ ಬೇಕು. ಆ ಕಾಗದಗಳಾದರೂ ಯಾರ ಬಳಿ ಇರುತ್ತವೆ? ಹಾಜರಿ ಪುಸ್ತಕ ಯಜಮಾನರ ಗಲ್ಲಾಪೆಟ್ಟಿಗೆಯ ಕೆಳಗೆ, ಸಂಬಳ ಕೈಗೆ ನಗದು. ಅಂಗಡಿಗೂ ತನಗೂ ಸಂಬಂಧವಿತ್ತು ಎನ್ನಲು ಹುಡುಗನ ಕೊರಳಲ್ಲಿರುವುದು ನಾನೊಬ್ಬನೇ. ನನ್ನನ್ನೂ ಕೆಲಸ ಬಿಟ್ಟ ದಿನ ಬಿಚ್ಚಿಸಿಕೊಳ್ಳುತ್ತಾರೆ.

ಐಡಿ ಕಾರ್ಡೊಂದನ್ನೇ ನಂಬಿ ಯಾವ ಕೋರ್ಟೂ ತೀರ್ಪು ಕೊಡುವುದಿಲ್ಲವಲ್ಲ?

ಒಪ್ಪಿದೆ. ನಾನು ನೇಮಕಾತಿ ಆದೇಶವಲ್ಲ. ಅದನ್ನು ಸೇರಿದ 30 ದಿನದೊಳಗೆ, ಹುದ್ದೆ ಸಂಬಳ ನಮೂದಿಸಿ ಕೊಡಬೇಕೆಂದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ‘ಸಣ್ಣ ಅಂಗಡಿ, ಮೂರು ತಿಂಗಳಿಗೆ ಓಡಿಹೋಗುವ ಹುಡುಗರು, ಇಷ್ಟೆಲ್ಲ ಕಾಗದ ಯಾರು ಮಾಡುತ್ತಾರೆ?’ ಎನ್ನುತ್ತಾರೆ ಯಜಮಾನರು. ಹುಡುಗರು ಓಡಿಹೋಗುವುದು ಸುಳ್ಳಲ್ಲ. ಆದರೆ ಲೋಗೊಗೆ ನೆರಳು ಕೊಡಲು ಒಂದು ಗಂಟೆ ಸಿಕ್ಕವರಿಗೆ ದಿನಾಂಕದ ಒಂದು ಸಾಲು, ಒಂದು ಸಹಿ ಭಾರವಾದೀತೇ? ಇವೆರಡಿದ್ದರೆ ನಾನು ಪೂರಾ ಸಾಕ್ಷಿಯಾಗದಿದ್ದರೂ ಸಾಕ್ಷಿಯ ಪಕ್ಕ ನಿಲ್ಲಬಲ್ಲೆ.

ದಿನಾಂಕ ಹಾಕಿಕೊಟ್ಟರೆ ನಾಳೆ ಗ್ರಾಚ್ಯುಟಿ ಕೇಳುತ್ತಾರೆಂಬ ಭಯವೂ ಇರಬಹುದು.

ಗ್ರಾಚ್ಯುಟಿ ಕಾನೂನು ಶುರುವಾಗುವುದೇ ಹತ್ತು ಜನರಿಂದ; ನಮ್ಮಲ್ಲಿರುವುದು ನಾಲ್ಕು. ಹತ್ತನೆಯವನು ಬರುವ ಮೊದಲೇ ಭಯ ಬಂದು ಕೆಲಸಕ್ಕೆ ಸೇರಿಕೊಂಡಿದೆ, ಅದೂ ಐಡಿ ಕಾರ್ಡಿಲ್ಲದೆ.

ಮುಂದಿನ ಸಲವಾದರೂ ದಿನಾಂಕ ಬರಬಹುದೇ?

ಹುಡುಗನೊಬ್ಬ ಕೇಳಿ ನೋಡಿದ. ಜಾಗ ಸಾಲುವುದಿಲ್ಲವಂತೆ. ಮುಂದಿನ ಸಲ ಲೋಗೊ ದೊಡ್ಡದಾಗಲಿದೆ.